ನೂರಿತ್ತಾಯರ ಕಾರೂ ಎರಡೂವರೆ ಮೂಟೆ ಈರುಳ್ಳಿಯೂ

ಸೀತಾರಾಮ ನೂರಿತ್ತಾಯರು ತಮ್ಮ ಐವತ್ತು ವರ್ಷದ ಬಾಳಿನಲ್ಲಿ ಒಂದೇ ಒಂದು ತಪ್ಪನ್ನೂ ಮಾಡಿದವರಲ್ಲ. ಹೀಗೆ ಹೇಳಿದವರು ಅವರೇ. ಬೇರೆ ಯಾರೂ ಮುಂದೆ ಬಂದು ಹೇಳಿದ್ದಕ್ಕೆ ದಾಖಲೆಯಿಲ್ಲ. ಹದಿಮೂರನೆಯ ವಯಸ್ಸಿಗೆ ಉಡುಪಿ ಕಡೆಯ ಹಳ್ಳಿಯೊಂದರಿಂದ ಮದರಾಸಿಗೆ ಬಂದು, ಜಾರ್ಜ್ ಟೌನಿನ ಹೋಟೆಲಿನಲ್ಲಿ ಎಂಜಲೆಲೆ ಎತ್ತಿ, ಲೋಟ ತೊಳೆದು, ಇಡ್ಲಿ ಬೇಯಿಸಿ, ಗಲ್ಲಾಪೆಟ್ಟಿಗೆಯ ಹಿಂದೆ ಕೂತು, ಕೊನೆಗೆ ಮೈಲಾಪುರದ ಕೊಳದ ಹಿಂದಿನ ಬೀದಿಯಲ್ಲಿ ‘ಶ್ರೀ ಪೂರ್ಣಪ್ರಜ್ಞ ವಿಲಾಸ’ ಎಂಬ ಸ್ವಂತ ಹೋಟೆಲಿಗೆ ಅಧಿಪತಿಯಾದವರು. ಇಷ್ಟನ್ನು ಅವರ ಊರ ಕಡೆಯವರು ಎಷ್ಟೋ ಮಂದಿ ಮಾಡಿದ್ದರು, ಯಾರೂ ಅದನ್ನು ದಿಗ್ವಿಜಯ ಎಂದು ಕರೆದಿರಲಿಲ್ಲ. ನೂರಿತ್ತಾಯರು ಕರೆಯುತ್ತಿದ್ದರು.

ಆದರೆ ಅವರ ನಿಜವಾದ ಹೆಮ್ಮೆ ಹೋಟೆಲಲ್ಲ, ಮಡಿ. ‘ಇಲ್ಲಿ ಈರುಳ್ಳಿ ಬೆಳ್ಳುಳ್ಳಿ ಬಳಸುವುದಿಲ್ಲ’ ಎಂದು ಬಾಗಿಲ ನೆತ್ತಿಯ ಮೇಲೆ ಮೊಳದುದ್ದದ ಅಕ್ಷರಗಳಲ್ಲಿ, ತಮಿಳು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಬೋರ್ಡು ಬರೆಸಿದ್ದರು. ಓದು ಬಾರದವರಿಗೆ ತಾವೇ ಓದಿ ಹೇಳುತ್ತಿದ್ದರು. ಗಿರಾಕಿಯ ಬಾಯಿಂದ ಈರುಳ್ಳಿ ವಾಸನೆ ಬಂದರೆ ಚಿಲ್ಲರೆಯನ್ನು ಕೈಗೆ ಕೊಡದೆ ಮೇಜಿನ ಮೇಲೆ ತಳ್ಳುತ್ತಿದ್ದರು. ಹೆಂಡತಿ ಚಂದ್ರಮತಿ ಒಮ್ಮೆ ಯಾರದೋ ಸೀಮಂತದಲ್ಲಿ ತಿಳಿಯದೆ ಈರುಳ್ಳಿ ಬೋಂಡ ತಿಂದು ಬಂದಾಗ, ಆಕೆಯನ್ನು ಹಿತ್ತಿಲಲ್ಲಿ ನಿಲ್ಲಿಸಿ ನಾಲ್ಕು ಕೊಡ ತಣ್ಣೀರು ಸುರಿದು, ಪಂಚಗವ್ಯ ಕುಡಿಸಿ ಒಳಗೆ ಬಿಟ್ಟಿದ್ದರು. ಆ ಪರಾಕ್ರಮವನ್ನು ಮರುದಿನ ಗಲ್ಲಾದ ಹಿಂದೆ ಕೂತು ಬಂದವರಿಗೆಲ್ಲ ಬಣ್ಣಿಸಿದರು. ಚಂದ್ರಮತಿ ಎದುರಾಡದೆಯೇ ಇಪ್ಪತ್ತಾರು ವರ್ಷ ಸಂಸಾರ ನಡೆಸಿದ್ದಳು.

ಇಂಥ ಅಭೇದ್ಯ ಕೋಟೆಗೆ ಈರುಳ್ಳಿ ನುಗ್ಗಿದ್ದು 1953ರಲ್ಲಿ. ಬೀದಿಯ ತಿರುವಿನಲ್ಲಿ ಹೊಸ ಹೋಟೆಲೊಂದು ತೆರೆದು ಸಣ್ಣ ಈರುಳ್ಳಿಯ ಸಾಂಬಾರ್ ಬಡಿಸತೊಡಗಿತು. ಪೂರ್ಣಪ್ರಜ್ಞ ವಿಲಾಸದ ಬೆಂಚುಗಳ ಮೇಲೆ ನೊಣಗಳು ಕೂಡ ಬೇಸರದಿಂದ ಕೂರುವಂತಾಯಿತು. ನೂರಿತ್ತಾಯರು ಶತ್ರುವಿನ ಬಲಾಬಲ ಅರಿಯಲೆಂದು ಒಂದು ಲೋಟ ಸಾಂಬಾರನ್ನು ಗುಟ್ಟಾಗಿ ತರಿಸಿದರು. ಮೊದಲು ಮೂಸಿದರು. ಆಮೇಲೆ ಬೆರಳದ್ದಿ ನೆಕ್ಕಿದರು. ಅರ್ಧಂಬರ್ಧ ಅರಿತರೆ ಯುದ್ಧದಲ್ಲಿ ಸೋಲು ಖಂಡಿತವೆಂದು ಲೋಟವನ್ನು ತಳದವರೆಗೆ ಖಾಲಿ ಮಾಡಿದರು. ಮುಂದಿನ ವಾರದಿಂದ ಉಗ್ರಾಣಕ್ಕೆ ಬೀಗ ಹಾಕಿಕೊಂಡು ಈರುಳ್ಳಿ ಅರೆಯುವ ಕೆಲಸ ಶುರುವಾಯಿತು. ಎಲೆಯ ಮೇಲೆ ಒಂದು ಚೂರೂ ಕಾಣದಂತೆ ನುಣ್ಣಗೆ ಅರೆದು ಸಾಂಬಾರಿಗೆ ಬೆರೆಸುವುದು; ಸಿಪ್ಪೆಯನ್ನು ಒಲೆಗೆ ಹಾಕುವುದು; ಬೋರ್ಡಿಗೆ ಹೊಸ ಬಣ್ಣ ಬಳಿಸುವುದು. ಜನ ಮರಳಿ ಬಂದರು. ಇದು ಮಡಿಗೆ ದೇವರು ಕೊಟ್ಟ ಫಲ ಎಂದು ನೂರಿತ್ತಾಯರು ಹೇಳಿದರು. ಆ ಲೋಟದ ಬಳಿಕ ಅವರು ಈರುಳ್ಳಿಯನ್ನು ಬಾಯಿಗಿಡಲಿಲ್ಲ, ಮೂರು ಹೊತ್ತೂ ಮನೆಯ ಊಟ. ಪಾಪವನ್ನು ತಾವು ಮಾರುವುದೇ ಹೊರತು ತಿನ್ನುವುದಿಲ್ಲ ಎಂಬುದು ಅವರ ಲೆಕ್ಕ.

ಉಳಿದದ್ದು ಸಾಗಾಟದ ಪ್ರಶ್ನೆ. ಕೊತ್ವಾಲ್ ಚಾವಡಿಯ ಸಗಟು ಮಾರುಕಟ್ಟೆಯಿಂದ ಕೈಗಾಡಿಯಲ್ಲಿ ತರಿಸಿದರೆ ಇಡೀ ಮೈಲಾಪುರಕ್ಕೆ ಡಂಗುರ ಹೊಡೆದಂತೆ. ಅಕ್ಕಿ ಚೀಲದಲ್ಲಿ ತುಂಬಿಸಿ ತರಿಸಿದರು. ಒಮ್ಮೆ ಚೀಲ ಹರಿದು ಮೂರು ಈರುಳ್ಳಿ ಬೀದಿಗೆ ಉರುಳಿದಾಗ ಅವರ ಜೀವವೂ ಜತೆಗೆ ಉರುಳಿತು. ಹಾಗಾಗಿ 1957ರಲ್ಲಿ ಕಾರು ಬಂತು. ನೀಲಿ ಬಣ್ಣದ, ಕೈ ಬದಲಾದ ಲ್ಯಾಂಡ್‌ಮಾಸ್ಟರ್. ಸ್ನಾನ ಮಾಡಿ ದೇವಸ್ಥಾನಕ್ಕೆ ಹೋಗುವಾಗ ಮೈಲಿಗೆಯ ಜನ ಮೈಗೆ ತಗಲಬಾರದೆಂದು ಕಾರು ಕೊಂಡದ್ದಾಗಿ ಊರಿಗೆಲ್ಲ ತಿಳಿಸಿದರು. ಕಿಟಕಿಗಳಿಗೆ ಹಳದಿ ಪರದೆ ಹಾಕಿಸಿದರು. ವಾರಕ್ಕೆರಡು ಬೆಳಗ್ಗೆ ಆ ಪರದೆಗಳ ಹಿಂದೆ ನೂರಿತ್ತಾಯರು ಜಪಮಾಲೆ ಹಿಡಿದು ಗಂಭೀರವಾಗಿ ಕೂರುತ್ತಿದ್ದರು. ಅವರ ಬೆನ್ನ ಹಿಂದಿನ ಡಿಕ್ಕಿಯಲ್ಲಿ ಮೂರು ಮೂಟೆ ಈರುಳ್ಳಿ ಅಷ್ಟೇ ಗಂಭೀರವಾಗಿ ಕೂರುತ್ತಿತ್ತು. ಕಾರು ಓಡಿಸುತ್ತಿದ್ದವನು ಊರ ಕಡೆಯವನೇ ಆದ ಮೋನಪ್ಪ, ಬಾಯಿಗಿಂತ ಕಣ್ಣು ಜಾಸ್ತಿ ಉಪಯೋಗಿಸುವ ಮನುಷ್ಯ.

ಕಾರಿಗೆ ವಿಮೆ ಮಾಡಿಸಲು ಬಂದವರು ಹರಿದಾಸ. ಬ್ರಾಡ್‌ವೇಯ ಒಂದು ಕಂಪೆನಿಯಲ್ಲಿ ಇನ್ಸ್‌ಪೆಕ್ಟರು. ಅವರ ಮಾಧ್ವ ಮನೆತನ ತಿರುವಲ್ಲಿಕ್ಕೇಣಿಯಲ್ಲಿ ಮೂರು ತಲೆಮಾರಿನಿಂದ ನೆಲೆಸಿತ್ತು. ಮನೆಯಲ್ಲಿ ಕನ್ನಡವೆಂದು ಅವರು ಆಡುತ್ತಿದ್ದುದರಲ್ಲಿ ಅರ್ಧ ತಮಿಳು. ನೂರಿತ್ತಾಯರಿಗೆ ವಿಮೆಯೆಂದರೆ ಸರ್ಕಾರ ಹಾಕಿದ ದಂಡ ಎಂದಷ್ಟೇ ಗೊತ್ತಿತ್ತು. ಹರಿದಾಸ ತಾಳ್ಮೆಯಿಂದ ಬಿಡಿಸಿ ಹೇಳಿದರು. ಮೊದಲನೆಯದು ಆಕ್ಟ್ ಪಾಲಿಸಿ: ನಿಮ್ಮ ಕಾರು ತಗಲಿ ದಾರಿಯಲ್ಲಿ ಯಾರಿಗಾದರೂ ಗಾಯವಾದರೆ, ಸತ್ತರೆ, ಅವರಿಗೆ ಕಂಪೆನಿ ಕೊಡುತ್ತದೆ, ಕಾನೂನು ಕೇಳುವುದು ಇಷ್ಟನ್ನೇ, ಇದಿಲ್ಲದೆ ಕಾರು ರಸ್ತೆಗಿಳಿದರೆ ಪೊಲೀಸರು ಹಿಡಿಯುತ್ತಾರೆ.

“ಅಂದರೆ ಬಡಿಸುದೆಲ್ಲ ಬೇರೆಯವರ ಎಲೆಗೆ. ನನ್ನ ಎಲೆ ಖಾಲಿ,” ಎಂದರು ನೂರಿತ್ತಾಯರು.

ಹರಿದಾಸರಿಗೆ ಈ ಭಾಷೆ ಅನುಕೂಲವಾಗಿ ಕಂಡಿತು. ಎರಡನೆಯದರಲ್ಲಿ ನಿಮ್ಮ ಎಲೆಗೂ ಅನ್ನ ಸಾರು ಬೀಳುತ್ತದೆ, ಕಾರಿಗೆ ಬೆಂಕಿ ಬಿದ್ದರೆ, ಕಳುವಾದರೆ ದುಡ್ಡು ಬರುತ್ತದೆ ಎಂದರು. ಮೂರನೆಯದು ಕಾಂಪ್ರಿಹೆನ್ಸಿವ್; ಪಾಯಸದವರೆಗೆ ಪೂರ್ತಿ ಊಟ. ಬೇರೆಯವರ ಗಾಯ, ಬೇರೆಯವರ ಸ್ವತ್ತು, ಬೆಂಕಿ, ಕಳವು, ನೀವೇ ಹೋಗಿ ಗುದ್ದಿಕೊಂಡ ನಿಮ್ಮ ಕಾರು, ಎಲ್ಲ ಸೇರಿತು. ಒಂದು ವರ್ಷ ಏನೂ ಕೇಳದೆ ಇದ್ದರೆ ಮರುವರ್ಷ ಪ್ರೀಮಿಯಂನಲ್ಲಿ ಸ್ವಲ್ಪ ಕಡಿತವೂ ಉಂಟು.

ನೂರಿತ್ತಾಯರು ಪಾಯಸದ ಊಟವನ್ನೇ ಆರಿಸಿದರು. ಅರ್ಜಿಯಲ್ಲಿದ್ದ ಪ್ರಶ್ನೆಗಳನ್ನು ಹರಿದಾಸ ಒಂದೊಂದಾಗಿ ಓದಿದರು. ಕಾರಿನಲ್ಲಿ ವ್ಯಾಪಾರದ ಸಾಮಾನು ಸಾಗಿಸುವುದುಂಟೇ? ಉಂಟಾದರೆ ಹೇಳಿಬಿಡಿ, ಅದಕ್ಕೆ ಬೇರೆ ದರ, ಸ್ವಲ್ಪ ಹೆಚ್ಚಾಗುತ್ತದೆ ಅಷ್ಟೇ. ನೂರಿತ್ತಾಯರ ಮುಖ ಕೆಂಪೇರಿತು. ಮಡಿಯಲ್ಲಿ ಕೂರುವ ಕಾರಿನಲ್ಲಿ ಸಾಮಾನೇ ಎಂದು ಗುಡುಗಿ, ‘ಇಲ್ಲ’ ಎಂದು ಬರೆಸಿ, ಮುತ್ತಿನಂಥ ಅಕ್ಷರದಲ್ಲಿ ಸಹಿ ಹಾಕಿದರು. ಇಡೀ ಪಾಲಿಸಿಯಲ್ಲಿ ಅವರ ಮನಸ್ಸನ್ನು ಸೂರೆಗೊಂಡ ಷರತ್ತು ಒಂದೇ: ಅಪಘಾತವಾದಾಗ ವಿಮಾದಾರನು ಕಂಪೆನಿಯನ್ನು ಕೇಳದೆ ತಪ್ಪು ತನ್ನದೆಂದು ಒಪ್ಪಿಕೊಳ್ಳಬಾರದು. ಹುಟ್ಟಿದಂದಿನಿಂದ ತಾವು ಪಾಲಿಸಿಕೊಂಡು ಬಂದ ವ್ರತಕ್ಕೆ ಅಚ್ಚಾದ ಅಪ್ಪಣೆ ಸಿಕ್ಕಿತೆಂದು ಅವರಿಗೆ ರೋಮಾಂಚನವಾಯಿತು. ಸರ್ಟಿಫಿಕೇಟನ್ನು ಕಾರಿನಲ್ಲಿಟ್ಟು, ಪಾಲಿಸಿಯ ಉದ್ದನೆಯ ಹಾಳೆಗೆ ಕಟ್ಟು ಹಾಕಿಸಿ, ಹೋಟೆಲಿನ ಗೋಡೆಯ ಮೇಲೆ ಮುಖ್ಯಪ್ರಾಣ ದೇವರ ಪಟದ ಪಕ್ಕ ತೂಗುಹಾಕಿದರು. ದಿನಾ ದೇವರಿಗೆ ಹೂ ಏರಿಸುವಾಗ ಅದಕ್ಕೂ ಒಂದು ಎಳೆ ಸಿಗುತ್ತಿತ್ತು.

ಎರಡು ವರ್ಷ ಹೀಗೆ ನಡೆಯಿತು. 1959ರ ಒಂದು ಬೆಳಗ್ಗೆ ನೂರಿತ್ತಾಯರು ಮಾರುಕಟ್ಟೆಯಲ್ಲಿ ಚೌಕಾಸಿ ಮಾಡುತ್ತಾ ಹೊತ್ತು ಕಳೆದರು. ಹೊರಟಾಗ ಬೆಳಕು ಹರಿದಿತ್ತು. ನಡೆ ಬೇಗ, ನಡೆ ಬೇಗ ಎಂದು ಮೋನಪ್ಪನ ಬೆನ್ನಿಗೆ ಜಪಮಾಲೆಯಿಂದ ಕುಟ್ಟುತ್ತಾ ರಾಯಪೇಟ ಹೈರೋಡಿಗೆ ಬಂದರು. ಅಲ್ಲಿ ಒಬ್ಬ ಹಾಲಿನವನು ಹಸುವನ್ನೂ, ಅದು ಹಾಲಿಳಿಸಲೆಂದು ಒಣಹುಲ್ಲು ತುಂಬಿದ ಸತ್ತ ಕರುವಿನ ಚರ್ಮವನ್ನೂ ಹಿಡಿದುಕೊಂಡು, ಮನೆಬಾಗಿಲಲ್ಲೇ ಹಾಲು ಕರೆದು ಕೊಡಲು ಹೋಗುತ್ತಿದ್ದ. ಮೋನಪ್ಪ ಹಸುವನ್ನು ನೋಡಿಯೇ ಇದ್ದ, ನಿಧಾನಿಸಿಯೂ ಇದ್ದ. ನೂರಿತ್ತಾಯರು ಮಾತ್ರ ಗೋಹತ್ಯೆಯ ಪಾಪ ಎದುರಿಗೆ ನಿಂತಂತೆ ಚೀರಿ, ಹಿಂದಿನಿಂದ ಎರಡೂ ಕೈಯಲ್ಲಿ ಅವನ ಕುತ್ತಿಗೆ ತಬ್ಬಿ ಎಡಕ್ಕೆ ಎಳೆದರು. ಲ್ಯಾಂಡ್‌ಮಾಸ್ಟರ್ ಎಡಕ್ಕೆ ತಿರುಗಿ ಒಂದು ದೀಪದ ಕಂಬವನ್ನು ಆಲಿಂಗಿಸಿತು. ಕಂಬದವರೆಗಿನ ದಾರಿಯಲ್ಲಿ ನಿಲ್ಲಿಸಿದ್ದ ಒಂದು ಕೈರಿಕ್ಷಾದ ಚಕ್ರವನ್ನು ಪುಡಿಮಾಡಿತು. ರಿಕ್ಷಾದವನು ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದುದರಿಂದ ಬದುಕಿದ. ಹಸು ಸೆಗಣಿ ಹಾಕಿ ಮುಂದೆ ಹೋಯಿತು. ಡಿಕ್ಕಿಯ ಮುಚ್ಚಳ ಹಾರಿ, ಒಂದು ಮೂಟೆ ಸಿಡಿದು, ಕೆನ್ನೀಲಿ ಈರುಳ್ಳಿಗಳು ರಾಯಪೇಟದ ಉದ್ದಕ್ಕೂ ಉರುಳತೊಡಗಿದವು.

ಹಣೆಯಲ್ಲಿ ಒಂದು ಬುಗುಟು ಹೊತ್ತು ಇಳಿದ ನೂರಿತ್ತಾಯರಿಗೆ ಆ ಕ್ಷಣ ನೆನಪಾದದ್ದು ದೇವರಲ್ಲ, ಷರತ್ತು. ಪೊಲೀಸಿನವನು ಬಂದು ಕಾರು ಯಾರದೆಂದು ತಮಿಳಿನಲ್ಲಿ ಕೇಳಿದ. ತಾನು ಏನನ್ನೂ ಒಪ್ಪಿಕೊಳ್ಳುವುದಿಲ್ಲ ಎಂದರು ನೂರಿತ್ತಾಯರು. ಹೆಸರೇನೆಂದು ಕೇಳಿದ. ಅದನ್ನೂ ಒಪ್ಪಿಕೊಳ್ಳಲಿಲ್ಲ.

“ಧಣಿಗಳೇ,” ಎಂದ ಮೋನಪ್ಪ, ಕುತ್ತಿಗೆ ಉಜ್ಜಿಕೊಳ್ಳುತ್ತಾ, “ಹೆಸರು ಹೇಳಿದರೆ ತಪ್ಪು ಒಪ್ಪಿದ ಹಾಗೆ ಆಗುದಿಲ್ಲ.”

ಪೊಲೀಸಿನವನು ಕೊನೆಗೆ ರಸ್ತೆಯತ್ತ ಕೈ ತೋರಿಸಿ ಕೇಳಿದ: “ಇಂದ ವೆಂಗಾಯಂ ಯಾರ್‌ದುಯ್ಯಾ?”

ಈ ಈರುಳ್ಳಿ ಯಾರದೆಂಬ ಪ್ರಶ್ನೆಗೆ ನೂರಿತ್ತಾಯರು ಮುಖ ತಿರುಗಿಸಿ, ಯಾರದೋ ಏನೋ, ಆ ಪದಾರ್ಥದ ಹೆಸರು ಕೂಡ ತನ್ನ ಬಾಯಲ್ಲಿ ಬರುವುದಿಲ್ಲ ಎಂದರು. ಸುತ್ತ ನೆರೆದವರಿಗೆ ಅಷ್ಟು ಸಾಕಾಯಿತು. ಯಾರದೂ ಅಲ್ಲದ ಈರುಳ್ಳಿ ಎಂದ ಮೇಲೆ ಅದು ಎಲ್ಲರದು. ಹೆಂಗಸರು ಸೆರಗೊಡ್ಡಿದರು, ಗಂಡಸರು ತಲೆವಸ್ತ್ರ ಬಿಚ್ಚಿದರು, ರಿಕ್ಷಾದವನು ಪರಿಹಾರದ ಮೊದಲ ಕಂತೆಂದು ತನ್ನ ರಿಕ್ಷಾದ ಸೀಟು ತುಂಬಿಸಿಕೊಂಡ. ನೂರಿತ್ತಾಯರು ಅರ್ಧ ಮೂಟೆಯವರೆಗೆ ತಡೆದುಕೊಂಡರು. ಬೆಳಗ್ಗೆ ಒಂದು ಗಂಟೆ ಚೌಕಾಸಿ ಮಾಡಿ ಇಳಿಸಿದ ದರ ಕಣ್ಣೆದುರು ಸೆರಗು ಸೆರಗಾಗಿ ಹೋಗುತ್ತಿತ್ತು. ಅರ್ಧ ಮೂಟೆಯ ಆಚೆಗೆ ಮನುಷ್ಯಮಾತ್ರದವರಿಂದ ತಡೆಯಲು ಸಾಧ್ಯವಿರಲಿಲ್ಲ. ಕಚ್ಚೆ ಬಿಗಿದು ರಸ್ತೆಯ ನಡುವೆ ಧುಮುಕಿ, ಒಂದನ್ನೂ ಮುಟ್ಟಬೇಡಿ, ಎಲ್ಲವೂ ನನ್ನದು, ನನ್ನ ಸ್ವಂತದ್ದು ಎಂದು ತಮಿಳಿನಲ್ಲಿ ಕೂಗುತ್ತಾ ಒಬ್ಬಾಕೆಯ ಸೆರಗಿನಿಂದ ಈರುಳ್ಳಿ ಕಿತ್ತುಕೊಂಡರು.

ಪೊಲೀಸಿನವನು ಪೆನ್ಸಿಲು ನೆಕ್ಕಿ ಬರೆದುಕೊಂಡ: ಜನ ಒಯ್ದು ಉಳಿದ ಎರಡೂವರೆ ಮೂಟೆ ಈರುಳ್ಳಿ ತನ್ನದೆಂದು ಮಾಲೀಕರು ಒಪ್ಪಿಕೊಂಡಿದ್ದಾರೆ.

ಕಾರು ಮೌಂಟ್ ರೋಡಿನ ವರ್ಕ್‌ಶಾಪಿಗೆ ಹೋಯಿತು. ಮೂರನೆಯ ದಿನ ಹರಿದಾಸ ಪೊಲೀಸರ ವರದಿಯ ನಕಲು ಹಿಡಿದು ಹೋಟೆಲಿಗೆ ಬಂದರು. ಗಿರಾಕಿಗಳಿಲ್ಲದ ಹೊತ್ತು. ಅವರು ಗೋಡೆಯ ಮೇಲಿದ್ದ ಪಾಲಿಸಿಯ ಹೂ ಸರಿಸಿ, ಕನ್ನಡಕ ಏರಿಸಿ, ಸಣ್ಣಕ್ಷರದ ಒಂದು ಸಾಲಿಗೆ ಬೆರಳಿಟ್ಟರು. ಎರಡು ವರ್ಷದಿಂದ ಇಡೀ ಮೈಲಾಪುರದ ಕಣ್ಣಿಗೆ ಬಿದ್ದಿದ್ದ, ಯಾರೂ ಓದದ ಸಾಲು ಅದು.

“ಸೋಷಿಯಲ್, ಡೊಮೆಸ್ಟಿಕ್ ಅಂಡ್ ಪ್ಲೆಷರ್ ಅಂತ ಬರೆದಿದೆ ನೋಡಿ ರಾಯರೇ. ನೆಂಟರ ಮನೆಗೆ ಹೋಗ್ಬಹುದು, ಮನೆ ಸಾಮಾನು ತರಬಹುದು, ಸುಮ್ನೆ ಬೀಚಿಗೆ ಹೋಗಿ ಗಾಳಿ ತೊಗೋಬಹುದು. ವ್ಯಾಪಾರದ ಸರಕು ಕೂಡಾದು. ಸ್ಯಾಂಪಲ್ ಮಾತ್ರ ಪರವಾಗಿಲ್ಲ.”

“ಹಾಗಾದರೆ ಅದು ಸ್ಯಾಂಪಲ್ಲೇ,” ಎಂದರು ನೂರಿತ್ತಾಯರು.

“ಸ್ಯಾಂಪಲ್‌ನಾ ಒಂದು ಹಿಡಿ, ಎರಡು ಹಿಡಿ. ಮೂಟೆ ಮೂಟೆಯಾಗಿ ಯಾರು ಸ್ವಾಮಿ ಸ್ಯಾಂಪಲ್ ತೋರಿಸ್ತಾರೆ?”

ಹೋಟೆಲಿನ ಈರುಳ್ಳಿಯೆಂದರೆ ಕಾರಿನ ರಿಪೇರಿಗೂ ದುಡ್ಡಿಲ್ಲ, ರಿಕ್ಷಾಕ್ಕೂ ಇಲ್ಲ, ಕಂಬಕ್ಕೂ ಇಲ್ಲ. ಅರ್ಜಿಯಲ್ಲಿ ಸುಳ್ಳು ಬರೆದದ್ದಕ್ಕೆ ಪಾಲಿಸಿಯೇ ರದ್ದಾದರೂ ಆಯಿತು ಎಂದು ಹರಿದಾಸ ವಿವರಿಸಿದರು. ಮನೆಯ ಈರುಳ್ಳಿಯೆಂದರೆ ಎಲ್ಲವೂ ಉಂಟು. ಎರಡರಲ್ಲಿ ಯಾವುದೆಂದು ಅವರು ಕೇಳಿದರು. ಅವರ ತಲೆಯ ಮೇಲೆ, ಬಾಗಿಲ ಆಚೆ, ಬೋರ್ಡು ಮೂರು ಭಾಷೆಯಲ್ಲಿ ಉತ್ತರಕ್ಕೆ ಕಾಯುತ್ತಿತ್ತು.

ನೂರಿತ್ತಾಯರು ಒಂದು ವಾರ ಯೋಚಿಸಿದರು. ಹೋಟೆಲಿನದೆಂದರೆ ಕೈಯಿಂದ ಕೊಡಬೇಕು. ಅದಕ್ಕಿಂತ ಪ್ರಾಣ ಕೊಡುವುದು ಅವರಿಗೆ ಸುಲಭ. ಸಾಲದ್ದಕ್ಕೆ ಹೋಟೆಲಿನ ಹೆಸರು ಕಂಪೆನಿಯ ಕಾಗದದಲ್ಲಿ ಈರುಳ್ಳಿಯ ಪಕ್ಕ ಕೂರುತ್ತದೆ. ಮನೆಯದೆಂದರೆ ತಾವು, ಸೀತಾರಾಮ ನೂರಿತ್ತಾಯರು, ಏಕಾದಶಿಗೆ ನೀರು ಕೂಡ ಮುಟ್ಟದವರು, ಈರುಳ್ಳಿ ತಿನ್ನುವವರೆಂದು ಬರೆದುಕೊಟ್ಟಂತೆ. ಮೂವತ್ತೇಳು ವರ್ಷ ಬೆವರು ಸುರಿಸಿ ಗಳಿಸಿದ್ದು ಆ ಹೆಸರೊಂದನ್ನೇ ಎಂದು ಅವರು ನಂಬಿದ್ದರು; ಅದು ಹೋದರೆ ತಾನು ಮತ್ತೆ ಎಂಜಲೆಲೆ ಎತ್ತುವವನೇ ಎಂದು ಎದೆ ನಡುಗಿತು. ಈ ನಡುಕವೊಂದು ನಿಜವಾದದ್ದು. ಅದಕ್ಕಾಗಿ ಬೇಕಾದರೆ ಅರೆಕ್ಷಣ ಅವರನ್ನು ಕ್ಷಮಿಸಬಹುದು. ಅಷ್ಟರಲ್ಲಿ ಉಗ್ರಾಣದ ಈರುಳ್ಳಿ ಮುಗಿಯಿತು, ಕಾರಿಲ್ಲದೆ ಹೊಸದು ಬರುವಂತಿಲ್ಲ, ಸಾಂಬಾರು ಬರೀ ಹುಣಿಸೆನೀರಾಯಿತು. ಬೆಂಚುಗಳು ಖಾಲಿಯಾದವು. ಎಂಟನೆಯ ದಿನ ಅವರು ತೀರ್ಮಾನಕ್ಕೆ ಬಂದರು: ವಿಮೆಯ ಕಾಗದ ಕಪಾಟಿನೊಳಗೆ ಹೋಗುವಂಥದ್ದು, ಬೋರ್ಡು ಬೀದಿಯಲ್ಲಿರುವಂಥದ್ದು. ಈರುಳ್ಳಿ ಮನೆಯದು.

ಹರಿದಾಸ ಸಂತೋಷಪಟ್ಟರು. ಆದರೆ ಒಂದು ಸಂಸಾರಕ್ಕೆ ಎರಡೂವರೆ ಮೂಟೆ ಎಂದರೆ ಬೊಂಬಾಯಿಯ ಹೆಡ್ಡಾಫೀಸು ಹುಬ್ಬೇರಿಸುತ್ತದೆ, ಹಾಗಾಗಿ ಮನೆಗೆ ಬಂದು ಯಜಮಾನಿಯನ್ನು ಒಂದು ಮಾತು ಕೇಳಿ ಬರೆಯಬೇಕು ಎಂದರು.

ಆ ಸಂಜೆ ನೂರಿತ್ತಾಯರು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತರು. ಮನೆಯಲ್ಲಿ ಮಾತು ತುಳು. ಕನ್ನಡದಲ್ಲಿ ಹೇಳುವುದಾದರೆ ಹೀಗೆ:

“ಗುರುವಾರ ಇನ್ಸೂರೆನ್ಸಿನವರು ಬರ್ತಾರೆ. ನಾವು ನೀರುಳ್ಳಿ ತಿನ್ನುತ್ತೇವೆ ಅಂತ ನೀನು ಹೇಳಬೇಕು, ಆಯ್ತಾ ಮಾರಾಯ್ತಿ?”

ಚಂದ್ರಮತಿ ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸಿದಳು. “ಎಷ್ಟು ಸಮಯದಿಂದ ತಿನ್ನುತ್ತೇವೆ?”

“ಮೊದಲಿಂದಲೂ.”

“ನನಗೆ ಸುಳ್ಳು ಹೇಳಲಿಕ್ಕೆ ಬರುದಿಲ್ಲ. ನಾಲಗೆ ತಡವರಿಸ್ತದೆ.” ಆಕೆ ಸ್ವಲ್ಪ ಯೋಚಿಸಿದಳು. “ನಾಳೆಯಿಂದ ಮಾಡ್ತೇನೆ. ನೀವು ಉಣ್ಣಿ. ಉಂಡ ಮೇಲೆ ಹೇಳಿದರೆ ಅದು ಸುಳ್ಳಾಗುದಿಲ್ಲ.”

ಅವರು ಶಾಸ್ತ್ರ ಹೇಳಿದರು, ಗದರಿದರು, ಉಪವಾಸ ಬೀಳುವೆನೆಂದರು. ಹಾಗಾದರೆ ಗುರುವಾರ ನಿಜವನ್ನೇ ಹೇಳುತ್ತೇನೆ, ಹಿತ್ತಿಲಿನ ನಾಲ್ಕು ಕೊಡ ನೀರಿನ ಸಮೇತ ಹೇಳುತ್ತೇನೆ ಎಂದು ಚಂದ್ರಮತಿ ಸೌತೆಕಾಯಿಗೆ ಮರಳಿದಳು. ಮರುದಿನ ಆಕೆ ಬುಟ್ಟಿ ಹಿಡಿದು ಬೀದಿಯ ಅಂಗಡಿಗೆ ತಾನೇ ಹೋಗಿ, ಯಾವ ಪರದೆಯೂ ಇಲ್ಲದೆ ಎರಡು ವೀಸೆ ಈರುಳ್ಳಿ ತಂದಳು. ಮೊದಲ ದಿನ ನೂರಿತ್ತಾಯರು ಮೂಗು ಹಿಡಿದುಕೊಂಡು ಉಂಡರು. ಎರಡನೆಯ ದಿನ ಮೂಗು ಬಿಟ್ಟು ಉಂಡರು. ಮೂರನೆಯ ದಿನ ಎಲೆಯಲ್ಲಿ ಏನನ್ನೂ ಉಳಿಸದೆ ಉಂಡರು.

ಗುರುವಾರ ಹರಿದಾಸ ಒಳಗೆ ಕಾಲಿಡುವಾಗಲೇ ಒಗ್ಗರಣೆಯ ಘಮ ಎದುರುಗೊಂಡಿತು. ಅವರು ಒಂದು ನಿಮಿಷ ಜಗಲಿಯಲ್ಲೇ ಕಣ್ಣು ಮುಚ್ಚಿ ನಿಂತರು. ಕೇಳಿದರೆ ಬಿಸಿಲಿನಿಂದ ಬಂದದ್ದಕ್ಕೆ ಎಂದರು. ಚಂದ್ರಮತಿ ಬಾಗಿಲ ಮರೆಯಲ್ಲಿ ನಿಂತು ಕೇಳಿದ್ದಕ್ಕೆಲ್ಲ ತಡವರಿಸದೆ ಉತ್ತರ ಕೊಟ್ಟಳು. ಹುಳಿಗೂ ಹಾಕುತ್ತೇವೆ, ಪಲ್ಯಕ್ಕೂ ಹಾಕುತ್ತೇವೆ, ಇವರಿಗಂತೂ ಹಸಿಯೂ ಆಗುತ್ತದೆ.

“ಎರಡೂವರೆ ಮೂಟೆ ಎಷ್ಟು ದಿನಕ್ಕೆ ಬರುತ್ತೆ ಅಮ್ಮಾ?”

“ಇವರು ಉಣ್ಣುವ ಹಾಗೆ ನೋಡಿದರೆ ಹೆಚ್ಚು ದಿನ ಬರ್ಲಿಕ್ಕಿಲ್ಲ,” ಎಂದಳು ಚಂದ್ರಮತಿ.

ಹರಿದಾಸ ಎಲ್ಲವನ್ನೂ ಬರೆದುಕೊಂಡರು. ಆಮೇಲೆ ಕೈಚೀಲದಿಂದ ಟೈಪು ಮಾಡಿದ ಒಂದು ಕಾಗದ ತೆಗೆದರು. ದಿವಂಗತ ಪದ್ಮನಾಭ ನೂರಿತ್ತಾಯರ ಮಗ ಸೀತಾರಾಮ ನೂರಿತ್ತಾಯನಾದ ನಾನು, ನನ್ನ ಕುಟುಂಬದೊಡನೆ ಪ್ರತಿದಿನವೂ ಈರುಳ್ಳಿ ಸೇವಿಸುವವನೆಂದು ಪ್ರಮಾಣಪೂರ್ವಕವಾಗಿ ಹೇಳುತ್ತೇನೆ ಎಂದು ಅದು ಶುರುವಾಗುತ್ತಿತ್ತು. ಕೆಳಗೆ ಸಾಕ್ಷಿಯ ಸಹಿಗೆ ಜಾಗ. ಐದು ವರ್ಷದಿಂದ ಈ ಮನೆಯನ್ನು ಬಲ್ಲ ಒಬ್ಬ ಗೌರವಸ್ಥರು ಇದು ನಿಜವೆಂದು ಸಹಿ ಹಾಕಬೇಕು.

“ಗೌರವಸ್ಥರು ಯಾಕೆ?” ಎಂದರು ನೂರಿತ್ತಾಯರು.

“ನಾನು ನಂಬ್ತೀನಿ ರಾಯರೇ. ಬೊಂಬಾಯಿ ನಂಬಬೇಕಲ್ಲ. ನಿಮ್ಮ ಎದುರು ಮನೆಯಲ್ಲೇ ಹೆಡ್‌ಮಾಸ್ಟರ್ ವಿಷ್ಣುತೀರ್ಥರು ಇದ್ದಾರಲ್ಲ, ಅವರ ಸಹಿ ಆದ್ರೆ ಯಾರೂ ಎದುರು ಮಾತಾಡಲ್ಲ.”

ವಿಷ್ಣುತೀರ್ಥರು ನಿವೃತ್ತ ಹೆಡ್‌ಮಾಸ್ಟರು, ಶನಿವಾರ ಮಠದಲ್ಲಿ ಪ್ರವಚನ ಮಾಡುವವರು. ಬೀದಿಯಲ್ಲಿ ಯಾರು ಶುದ್ಧ, ಯಾರು ಅಶುದ್ಧ ಎಂದು ತೀರ್ಪು ಕೊಡುವ ಹೈಕೋರ್ಟು ಅವರೇ ಎಂದು ನೂರಿತ್ತಾಯರು ತಿಳಿದಿದ್ದರು. ಆರು ವರ್ಷದಿಂದ ದಿನಾ ಸಂಜೆ ಹೋಟೆಲಿಗೆ ಬಂದು ಎರಡು ಇಡ್ಲಿ ತಿನ್ನುವ ಆ ಮಹಾನುಭಾವರನ್ನು ತೋರಿಸಿ, ನೋಡಿ, ಎಂಥವರು ನಮ್ಮಲ್ಲಿ ಕೈ ತೊಳೆಯುತ್ತಾರೆ ಎಂದು ಗಿರಾಕಿಗಳಿಗೆ ಹೇಳುತ್ತಿದ್ದುದೂ ಉಂಟು. ಅವರ ಮುಂದೆ ಈ ಕಾಗದ ಹಿಡಿಯುವುದೆಂದರೆ ತಮ್ಮ ಶ್ರಾದ್ಧದ ಆಮಂತ್ರಣವನ್ನು ತಾವೇ ಹಂಚಿದಂತೆ.

ಆದರೂ ಹೋದರು. ಬೀದಿ ದಾಟಲು ಇಪ್ಪತ್ತು ಹೆಜ್ಜೆ. ನೂರಿತ್ತಾಯರು ಅದನ್ನು ಗಲ್ಲುಶಿಕ್ಷೆಯಾದ ರಾಜನ ಹಾಗೆ, ಶಲ್ಯ ಎಳೆಯುತ್ತಾ, ಎದೆ ಸೆಟೆದು ದಾಟಿದರು. ಜಗಲಿಯ ಮೇಲೆ ಪಂಚಾಂಗ ನೋಡುತ್ತಿದ್ದ ವಿಷ್ಣುತೀರ್ಥರ ಕೈಗೆ ಕಾಗದ ಕೊಟ್ಟು, ಕಂಪೆನಿಯವರ ಬಲವಂತ, ಕಾನೂನಿನ ತೊಡಕು, ಮನಸ್ಸು ಮಾತ್ರ ಗಂಗೆಯಷ್ಟು ಶುದ್ಧ ಎಂದು ಹಾದಿಯಲ್ಲಿ ಕಟ್ಟಿಕೊಂಡ ಭಾಷಣವನ್ನು ಶುರುಮಾಡಿದರು. ಮೂರನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ವಿಷ್ಣುತೀರ್ಥರು ಕಾಗದ ಓದಿ, ಪೆನ್ನು ತೆಗೆದು, ಸಹಿ ಹಾಕಿ, ಶಾಯಿ ಆರಲೆಂದು ಊದುತ್ತಿದ್ದರು.

“ನಿಮಗೆ ಆಶ್ಚರ್ಯ ಆಗಲಿಲ್ಲವಾ ಸ್ವಾಮಿ?” ಎಂದರು ನೂರಿತ್ತಾಯರು.

“ಯಾತಕ್ಕೆ?”

“ನಾನು... ನೀರುಳ್ಳಿ...”

ವಿಷ್ಣುತೀರ್ಥರು ಒಳಮನೆಯತ್ತ ಒಮ್ಮೆ ನೋಡಿದರು. ಒಳಗೆ ಅವರ ಪತ್ನಿ ವೆಂಕಟಲಕ್ಷ್ಮಿಯವರು ಏನೋ ರುಬ್ಬುತ್ತಿದ್ದರು. ಹೆಡ್‌ಮಾಸ್ಟರು ದನಿ ತಗ್ಗಿಸಿದರು.

“ರಾಯರೇ, ಹೋಟಲ್ ಸಾಂಬಾರಲ್ಲಿ ವೆಂಗಾಯ ಇದೆ ಅಂತ ಆರು ವರ್ಷದಿಂದ ಬೀದಿಗೆಲ್ಲ ಗೊತ್ತು. ಇಲ್ಲಾಂದ್ರೆ ಆ ಇಡ್ಲಿಗೆ ಯಾರು ಬರ್ತಾರೆ? ಅಲ್ಲಿ ಹಾಕೋ ಮನುಷ್ಯ ಮನೇಲಿ ಬಿಡ್ತಾನಾ ಅಂತ ನಾವೆಲ್ಲ ಅಂದ್ಕೊಂಡಿದ್ದೇ. ಬೋರ್ಡು ಮಾತ್ರ ತೆಗೀಬೇಡಿ. ಎಲ್ಲಿ ತಿಂದುಬಿಟ್ಟು ಬಂದ್ರಿ ಅಂತ ಮನೇಲಿ ಕೇಳ್ತಾರೆ, ನೋಡಿ, ಆಗ ಹೇಳಕ್ಕೆ ನಮಗೆ ಅದೊಂದೇ ಇರೋದು.”

ನೂರಿತ್ತಾಯರು ಕಾಗದ ಇಸಿದುಕೊಂಡು ನಿಂತರು. ಬೈಗುಳಕ್ಕೆ ಸಿದ್ಧರಾಗಿ ಬಂದಿದ್ದರು, ಬಹಿಷ್ಕಾರಕ್ಕೆ ಸಿದ್ಧರಾಗಿ ಬಂದಿದ್ದರು. ಕಾಲಿಗೆ ಬಿದ್ದು ಪ್ರಾಯಶ್ಚಿತ್ತ ಕೇಳುವುದಕ್ಕೂ ಒಂದು ಭಂಗಿ ಯೋಚಿಸಿಟ್ಟಿದ್ದರು. ಕಳೆದುಕೊಳ್ಳಲು ಆ ಹೆಸರೇ ತಮಗಿರಲಿಲ್ಲ ಎಂಬುದಕ್ಕೆ ಮಾತ್ರ ಸಿದ್ಧತೆ ಇರಲಿಲ್ಲ. ಆರು ವರ್ಷ ಸಿಪ್ಪೆ ಸುಟ್ಟು, ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡು, ಎರಡು ವರ್ಷ ಪರದೆಯ ಹಿಂದೆ ಕೂತು ಕಾಪಾಡಿದ ಗುಟ್ಟನ್ನು ಮೈಲಾಪುರದವರು ದಿನಾ ಸಂಜೆ ಚಮಚದಲ್ಲಿ ಕುಡಿಯುತ್ತಿದ್ದರು. ಅವರಿಗೆ ಅವಮಾನಕ್ಕಿಂತ ಸಿಟ್ಟು ಬಂತು. ಇಷ್ಟು ವರ್ಷದ ಪರಿಚಯದ ಮೇಲೂ ತಾನು ಮನೆಯಲ್ಲಾದರೂ ಈರುಳ್ಳಿ ತಿನ್ನುವುದಿಲ್ಲ ಎಂದು ಒಬ್ಬ ಗೌರವಸ್ಥನಿಗೂ ಅನ್ನಿಸಲಿಲ್ಲವಲ್ಲ.

ಬೊಂಬಾಯಿಯವರು ಒಂದೂವರೆ ತಿಂಗಳಲ್ಲಿ ಒಪ್ಪಿದರು. ಕಾರಿಗೆ ಹೊಸ ಮೂತಿ ಬಂತು, ರಿಕ್ಷಾಕ್ಕೆ ಹೊಸ ಚಕ್ರ ಬಂತು, ಕಂಬವೂ ನೆಟ್ಟಗಾಯಿತು. ಮರುವರ್ಷದ ಪ್ರೀಮಿಯಂನಲ್ಲಿ ಕಡಿತ ಹೋಯಿತೆಂದು ನೂರಿತ್ತಾಯರು ಹರಿದಾಸರೊಡನೆ ಒಂದು ಗಂಟೆ ಜಗಳವಾಡಿದರು. ಹರಿದಾಸ ಅವರಿಂದ ವ್ಯಾಪಾರದ ಸಾಮಾನಿಗೂ ಸೇರಿದ ದರದ ಪಾಲಿಸಿಗೆ ಸಹಿ ಹಾಕಿಸಿಕೊಂಡೇ ಎದ್ದರು.

ಕಾಗದದ ಕೆಲಸವೆಲ್ಲ ಮುಗಿದ ದಿನ ನೂರಿತ್ತಾಯರು ಮನೆಗೆ ಬಂದು ಮಣೆಯ ಮೇಲೆ ಕೂತು, ಇನ್ನು ಸಾಕು, ನಾಳೆಯಿಂದ ಅಡುಗೆ ಮೊದಲಿನ ಹಾಗೆ ಎಂದು ಅಪ್ಪಣೆ ಮಾಡಿದರು. ಚಂದ್ರಮತಿ ಪಾತ್ರೆ ಹಿಡಿದು ಬಂದು, ಪ್ರತಿದಿನವೂ ಎಂದು ಪ್ರಮಾಣ ಮಾಡಿ ಬರೆದುಕೊಟ್ಟದ್ದಲ್ಲವೇ, ಸುಳ್ಳಾದರೆ ಕಂಪೆನಿಯವರು ಕೊಟ್ಟದ್ದನ್ನು ತಿರುಗಿ ಕೇಳಿದರೆ ಏನು ಮಾಡುತ್ತೀರಿ ಎಂದು ಕೇಳಿದಳು. ಕೊಟ್ಟದ್ದನ್ನು ತಿರುಗಿ ಕೇಳುವ ಮಾತು ಬಂದಾಗ ನೂರಿತ್ತಾಯರು ಯಾವಾಗಲೂ ಯೋಚಿಸುವ ಮನುಷ್ಯ. ಯೋಚಿಸುತ್ತಾ ಕೂತರು. ಆಕೆ ಬಡಿಸಿದಳು. ಅವರು ಉಂಡರು. ಎಲೆಯ ಮೇಲಿನ ಹುಳಿ ಮುಗಿದಾಗ ಮುಖವನ್ನು ಗೋಡೆಯ ಕಡೆ ತಿರುಗಿಸಿ, ಇನ್ನೊಂದು ಸೌಟು ಹಾಕು ಎಂದರು.